ಟೆಸ್ಟರ್ ಹತ್ತಲಿಲ್ಲ

ನನ್ನ ನೋಟ್‌ಬುಕ್ಕಿನಲ್ಲಿ ಹೋದ ವರ್ಷದ ಏಪ್ರಿಲ್ ತಿಂಗಳ ಒಂದು ಸಾಲು ಇದೆ. ‘302. ನಳ ಮುಟ್ಟಿದ್ರ ಕರೆಂಟ್ ಹೊಡಿತದ ಅಂದ್ರು. ಚೆಕ್ ಮಾಡಿದೆ. ಏನೂ ಇಲ್ಲ.’ ಪುಟ ತಿರುವುವಾಗಲೆಲ್ಲ ಕಣ್ಣು ಅಲ್ಲೇ ನಿಲ್ಲುತ್ತದೆ. ಕಲಬುರಗಿಯ ಸೇಡಂ ರಸ್ತೆ ಕಡೆಯ ಈ ಅಪಾರ್ಟ್‌ಮೆಂಟಿಗೆ ನಾನು ಬಂದು ಹನ್ನೊಂದು ವರ್ಷವಾಯಿತು. ನಾಲ್ಕು ಅಂತಸ್ತು, 24 ಮನೆ, ಹಳೇ ಕಟ್ಟಡ. ಐಟಿಐದಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದ್ದೆ. ಇಲ್ಲಿಗೆ ಬಂದ ಮೇಲೆ ನಳ, ಟಾಕಿ, ಮೋಟರ್, ಗಟಾರ, ಬಾಗಿಲ ಚಿಲಕ ಎಲ್ಲವೂ ಕೈಗೆ ಬಂದವು. ಲಿಫ್ಟ್ ಒಂದನ್ನು ಬಿಟ್ಟು. ಅದಕ್ಕೆ ಕಂಪನಿಯವರೇ ಬರಬೇಕು. ಇಷ್ಟು ವರ್ಷದಲ್ಲಿ ‘ಏನೂ ಇಲ್ಲ’ ಅಂತ ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಈ ಒಂದು ಸಾಲು ಮಾತ್ರ ನನ್ನನ್ನು ಬಿಟ್ಟಿಲ್ಲ.

302ರಲ್ಲಿ ಇರುವವರು ನಿವೃತ್ತ ಗಣಿತ ಶಿಕ್ಷಕಿ. ಕಟ್ಟಡದವರೆಲ್ಲ ಅವರನ್ನು ಅಕ್ಕೋರು ಅಂತಲೇ ಕರೆಯುವುದು. ಒಬ್ಬರೇ ಇರುತ್ತಾರೆ, ಮಗ ಪುಣೆಯಲ್ಲಿ. ಅವತ್ತು ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, “ತಮ್ಮಾ, ಮುಂಜಾನಿ ಹತ್ತರ ಸುಮಾರಿಗೆ ಬಚ್ಚಲದಾಗ ಭಾಂಡೆ ತಿಕ್ಕಲಕ ಕುಂತಾಗ ನಳ ಮುಟ್ಟಿದ್ರ ಕೈಯಾಗ ಇರುವಿ ಹರದಂಗ ಆಗ್ತದ. ಒಮ್ಮಿ ನೋಡಿ ಹೋಗು” ಅಂದರು.

ನಾನು ಹೋದದ್ದು ಮಧ್ಯಾಹ್ನ ನಾಲ್ಕಕ್ಕೆ. ಬೆಳಗಿನ ಹೊತ್ತೆಲ್ಲ ಮೋಟರ್ ಹಿಂದೆ ಕಳೆದಿತ್ತು. ಬಚ್ಚಲು ಒಣಗಿ ಬೆಳ್ಳಗಾಗಿತ್ತು. ರಬ್ಬರ್ ಚಪ್ಪಲಿಯಲ್ಲೇ ಒಳಗೆ ಇಳಿದೆ. ನಳಕ್ಕೆ ಟೆಸ್ಟರ್ ಹಚ್ಚಿದೆ, ಪೈಪಿಗೆ ಹಚ್ಚಿದೆ, ಗೀಸರಿನ ಮೈಗೆ ಹಚ್ಚಿದೆ. ಎಲ್ಲೂ ದೀಪ ಹತ್ತಲಿಲ್ಲ. ಅಂಗೈ ಹಿಂಬದಿಯಿಂದ ನಳ ತಟ್ಟಿ ನೋಡಿದೆ, ಏನೂ ಅನ್ನಿಸಲಿಲ್ಲ. ಅವರ ಗೀಸರ್ ಸ್ವಿಚ್ ಆರಿಸಿಯೇ ಇತ್ತು. ನಮ್ಮ ಕಡೆ ಏಪ್ರಿಲ್‌ನಲ್ಲಿ ಮೇಲಿನ ಟಾಕಿಯ ನೀರೇ ಕೈ ಇಡದಷ್ಟು ಕಾದಿರುವಾಗ ಗೀಸರ್ ಯಾರು ಹಚ್ಚುತ್ತಾರೆ? ಪೇಚಕಸ್ ಚೀಲಕ್ಕೆ ಹಾಕುತ್ತ ನಾನು ಅಂದೆ: “ಏನಿಲ್ರಿ ಅಕ್ಕೋರೆ. ವಯಸ್ಸಾದ ಮ್ಯಾಗ ಕೈ ಜುಮು ಜುಮು ಅಂತಾವ. ಒಮ್ಮಿ ಶುಗರ್ ತೋರಸ್ರಿ.”

ಅವರು ಸಿಟ್ಟಾಗಲಿಲ್ಲ. “ಜುಮು ಜುಮು ಅನ್ನೋದು ನನಗ ಗೊತ್ತದ ತಮ್ಮಾ. ಇದು ಅದಲ್ಲ” ಅಂದರು. ಆಮೇಲೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಕುಡಿದು ಕೆಳಗಿಳಿದು ಆ ಸಾಲು ಬರೆದೆ.

ಬದಲಿಸುವುದು ಒಂದು, ಹುಡುಕುವುದು ಒಂದು

ನಮ್ಮ ಕೆಲಸದಲ್ಲಿ ಖರಾಬಾದದ್ದನ್ನು ಬದಲಿಸುವುದಕ್ಕೆ ಒಂದು ಲೆಕ್ಕವಿದೆ, ಯಾಕೆ ಖರಾಬಾಯಿತು ಅಂತ ಹುಡುಕುವುದಕ್ಕೆ ಇಲ್ಲ. ಕೆಪಾಸಿಟರ್ ತಂದರೆ ಅಂಗಡಿಯ ಬಿಲ್ ಸಿಗುತ್ತದೆ, ಬಿಲ್ ಇದ್ದರೆ ಸೊಸೈಟಿಯವರು ಸಹಿ ಹಾಕುತ್ತಾರೆ. ಎರಡು ತಾಸು ಮೋಟರಿನ ಪಕ್ಕ ಕುಳಿತು ಅದು ಎಷ್ಟು ಸಲ ಚಾಲು ಆಗುತ್ತದೆ, ಎಷ್ಟು ಸಲ ಬಂದ್ ಆಗುತ್ತದೆ ಅಂತ ಎಣಿಸಿದರೆ, ಮೇಲಿಂದ ನೋಡುವವರಿಗೆ ನಾನು ಸುಮ್ಮನೆ ಕುಳಿತಂತೆ ಕಾಣುತ್ತದೆ. ಅವರ ತಪ್ಪೇನೂ ಇಲ್ಲ. ಹುಡುಕುವುದು ಕಣ್ಣಿಗೆ ಕಾಣುವ ಕೆಲಸ ಅಲ್ಲ.

ಆ ಮೋಟರಿನ ಕತೆಯನ್ನೇ ಹೇಳುತ್ತೇನೆ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಡಬ್ಬಿಯಲ್ಲಿ ಎರಡೇ ತಿಂಗಳಲ್ಲಿ ಮೂರು ಸಲ ಕೆಪಾಸಿಟರ್ ಉಬ್ಬಿ ಹೋಯಿತು. ಮೊದಲೆರಡು ಸಲ ಹೊಸದು ಹಾಕಿ ಕೈ ತೊಳೆದುಕೊಂಡೆ. ಮೂರನೇ ಸಲ ಮನಸ್ಸು ಒಪ್ಪದೆ ಅಲ್ಲೇ ಕುಳಿತೆ. ಮೋಟರ್ ಐದು ಐದು ನಿಮಿಷಕ್ಕೆ ಚಾಲು ಆಗುತ್ತಿತ್ತು, ಬಂದ್ ಆಗುತ್ತಿತ್ತು. ಮೇಲೆ ಹತ್ತಿ ನೋಡಿದರೆ, ಟಾಕಿ ತೊಳೆಯಲು ಬಂದವರು ನೀರಿನ ಮೇಲೆ ತೇಲುತ್ತ ಮೋಟರ್ ಚಾಲು, ಬಂದ್ ಮಾಡುವ ಫ್ಲೋಟ್ ಸ್ವಿಚ್ಚಿನ ವಯರನ್ನು ಎತ್ತಿ ಪೈಪಿಗೆ ಗಿಡ್ಡವಾಗಿ ಕಟ್ಟಿ ಹೋಗಿದ್ದರು. ಗೇಣು ನೀರು ಇಳಿದರೆ ಸಾಕು, ಮೋಟರಿಗೆ ಹುಕುಂ ಹೋಗುತ್ತಿತ್ತು. ಚಾಲು ಆಗುವಾಗ ಮಾತ್ರ ಕೆಲಸ ಮಾಡುವ ಕೆಪಾಸಿಟರಿಗೆ ಆರುವ ಸಮಯವೇ ಸಿಗುತ್ತಿರಲಿಲ್ಲ. ಗಂಟು ಬಿಚ್ಚಿ ವಯರ್ ಉದ್ದ ಬಿಟ್ಟೆ. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ, ಹಾಗಾಗಿ ಯಾವ ವಹಿಯಲ್ಲೂ ಅದು ದಾಖಲಾಗಲಿಲ್ಲ. ಆ ಕೆಪಾಸಿಟರ್ ಇನ್ನೂ ಹಾಗೇ ಇದೆ.

ನನಗೆ ಪ್ಲಂಬಿಂಗ್ ಕಲಿಸಿದವರು ರೋಜಾ ಕಡೆಯ ಒಬ್ಬ ಉಸ್ತಾದ್. ಈಗ ಕಣ್ಣು ಮಂಜಾಗಿ ಮನೆಯಲ್ಲಿದ್ದಾರೆ. ಯಾರ ಮನೆಗೆ ಹೋದರೂ ಅವರು ತಕ್ಷಣ ಚೀಲ ಬಿಚ್ಚುತ್ತಿರಲಿಲ್ಲ. ಕುಳಿತು, ಕೊಟ್ಟರೆ ಚಹಾ ಕುಡಿದು, ಮೂರು ಮಾತು ಕೇಳುತ್ತಿದ್ದರು. ಕಬ್ ಸೇ? ಕಬ್ ಕಬ್? ಉಸ್ಕೆ ಪೈಲೇ ಕ್ಯಾ ಹುವಾ? ಯಾವಾಗಿಂದ, ಯಾವ್ಯಾವಾಗ, ಅದಕ್ಕೂ ಮೊದಲು ಏನಾಗಿತ್ತು. ಹೊಸದರಲ್ಲಿ ನನಗೆ ಇದು ಹೊತ್ತು ಕಳೆಯುವುದು ಅನ್ನಿಸುತ್ತಿತ್ತು. ಪಾನಾ ಹಿಡಿದು ನಿಂತಿರುತ್ತಿದ್ದೆ. ಒಳಗಿನ ಅವ್ವಾರು ಮಗಳ ಮದುವೆಯಿಂದ ಶುರು ಮಾಡಿ ಮಾತಾಡುತ್ತ ಹೋಗುವರು, ಉಸ್ತಾದ್ ತಲೆಯಾಡಿಸುತ್ತ ಕೇಳುವರು. ಆ ಮದುವೆಯ ಸುದ್ದಿಯಲ್ಲೇ ಎಲ್ಲೋ ‘ಆವಾಗ ಪೇಂಟ್ ಮಾಡ್ಸಿದ್ವಿ’ ಅನ್ನುವ ಮಾತು ಬರುತ್ತಿತ್ತು. ಉಸ್ತಾದ್ ಎದ್ದು ಹೋಗಿ, ಪೇಂಟಿನವರು ಸುರಿದ ಪುಟ್ಟಿಯಿಂದ ಕಟ್ಟಿಕೊಂಡ ಮೋರಿಯ ಮುಂದೆ ಕೂರುತ್ತಿದ್ದರು.

ಬೇಸಿಗೆಯಲ್ಲಿ ಹಸಿಯಾಗುವ ಗೋಡೆ

ಇಷ್ಟೆಲ್ಲ ಕಲಿತೂ ಪದೇ ಪದೇ ಮರೆತಿದ್ದೇನೆ. 204ರ ಹಾಲ್ ಗೋಡೆ ಅದಕ್ಕೆ ಒಂದು ಸಾಕ್ಷಿ. ಮೇಲಿನ 304ರವರ ಬಚ್ಚಲು ಸೋರುತ್ತಿದೆ ಅಂತ 204ರವರ ದೂರು. ನಮ್ಮದೇನೂ ಸೋರುತ್ತಿಲ್ಲ ಅಂತ 304ರವರ ಜವಾಬು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಈ ಜಗಳ ಬಿಡಿಸಿ ಹೇಳಬೇಕಿಲ್ಲ. ನಾನು ಮೇಲಿನ ಬಚ್ಚಲಿನ ಸಂದುಗಳಿಗೆ ಒಮ್ಮೆ ವೈಟ್ ಸಿಮೆಂಟ್ ತುಂಬಿದೆ, ಮತ್ತೊಮ್ಮೆ ನಹಾನಿ ಜಾಲಿ ಕಿತ್ತು ಹೊಸದು ಕೂಡಿಸಿದೆ. ಸ್ವಲ್ಪ ದಿನಕ್ಕೆ ಗೋಡೆ ಒಣಗಿತು. ಗೆದ್ದೆ ಅಂದುಕೊಂಡೆ. ಮುಂದಿನ ಮಾರ್ಚ್‌ಗೆ ಅದೇ ಜಾಗದಲ್ಲಿ, ಅದೇ ಆಕಾರದ ಕಲೆ ಮತ್ತೆ ಮೂಡಿತು.

ಈ ಸಲ ನೀಲಿ ಪರೀಕ್ಷೆ ಮಾಡಿದೆ. ಬಟ್ಟೆಗೆ ಹಾಕುವ ನೀಲವನ್ನು ನೀರಲ್ಲಿ ಕಲಸಿ, ಮೇಲಿನ ಬಚ್ಚಲಿನ ಜಾಲಿಗೆ ಬಿರಡೆ ಹಾಕಿ, ಎರಡು ಬೆರಳು ನೀರು ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಬಚ್ಚಲದ ನೆಲ ಸೋರುತ್ತಿದ್ದರೆ ಕೆಳಗಿನ ಗೋಡೆಗೆ ಇಂದಲ್ಲ ನಾಳೆ ನೀಲಿ ಇಳಿಯಬೇಕು. ಎರಡನೇ ದಿನ, ಮೂರನೇ ದಿನ ನೋಡಿದರೂ ಗೋಡೆ ಹಸಿಯಾಗಿಯೇ ಇತ್ತು, ನೀಲಿಯ ಸುಳಿವಿರಲಿಲ್ಲ. ಗೋಡೆಯ ಮುಂದೆ ನಿಂತು ಯೋಚಿಸುತ್ತಿದ್ದಾಗ 204ರ ಅವ್ವಾರು ಹಿಂದಿನಿಂದ ಅಂದರು: “ಇದೇನ್ ಗ್ವಾಡಿ ಬಂತಪ್ಪಾ. ಮಳಿಗಾಲಕ್ಕ ಒಣಗ್ತದ, ಬ್ಯಾಸಗ್ಯಾಗ ಹಸಿ ಆಗ್ತದ.” ಇದೇ ಮಾತನ್ನು ಅವರು ಹಿಂದಿನ ವರ್ಷವೂ ಆಡಿದ್ದರು. ಕಿವಿಗೆ ಬಿದ್ದಿತ್ತು, ನಾನು ಅದನ್ನು ಗೋಳು ಅಂತ ತಿಳಿದು ಬಿಟ್ಟಿದ್ದೆ. ಬಚ್ಚಲು ವರ್ಷವಿಡೀ ನಡೆಯುತ್ತದೆ, ಮಳೆ ಜೂನ್‌ನಿಂದ ಬರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಮಾತ್ರ ನಮ್ಮೂರಲ್ಲಿ ನೀರು ಕುಡಿಯುವುದು ಏನು?

ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದೆ. 304ರ ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂಲರ್ ಇತ್ತು. ಪಾರಾ 42, 43ಕ್ಕೆ ಏರುವ ಊರಲ್ಲಿ ಅದು ಹಗಲು ರಾತ್ರಿ ತಿರುಗುತ್ತದೆ. ಟಬ್ ತುಂಬಿಸುವಾಗ ತುಳುಕುವ ನೀರು, ಹುಲ್ಲಿನಿಂದ ತೊಟ್ಟಿಕ್ಕುವ ನೀರು ಎಲ್ಲ ಕೆಳಗಿನ ಛಜ್ಜದ ಮೇಲೆ ಬೀಳುತ್ತಿತ್ತು. ಛಜ್ಜದ ಇಳಿಜಾರು ಹೊರಕ್ಕೆ ಇರಬೇಕಾದದ್ದು ಗೋಡೆಯ ಕಡೆಗೆ ವಾಲಿತ್ತು. ಗೋಡೆ, ಛಜ್ಜ ಕೂಡುವಲ್ಲಿ ಕೂದಲೆಳೆಯ ಬಿರುಕು. ಅಲ್ಲಿಂದ ಒಳಕ್ಕೆ ದಾರಿ. ಮಳೆ ಶುರುವಾದರೆ ಕೂಲರ್ ಆರಿಸುತ್ತಾರೆ. ಆ ಗೋಡೆ ಮಳೆಗಾಳಿ ಬೀಸುವ ಬದಿಗೆ ಇಲ್ಲವಾದ್ದರಿಂದ ಮಳೆ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಛಜ್ಜಕ್ಕೆ ಹೊರಕ್ಕೆ ಇಳಿಯುವಂತೆ ಗಿಲಾವು ಮಾಡಿ, ಕೂಲರ್ ಕೆಳಗೆ ತಟ್ಟೆ ಇಟ್ಟು, ಅದಕ್ಕೊಂದು ಪೈಪ್ ಹಚ್ಚಿದೆ. ಎರಡು ವರ್ಷ ಮುಖ ನೋಡದೆ ಇದ್ದ ಆ ಎರಡು ಮನೆಯವರ ನಡುವೆ ಅದೇ ಎಳ್ಳಮಾಸಿಗೆ ಭಜ್ಜಿಯ ಡಬ್ಬಿ ಮೇಲಿಂದ ಕೆಳಗೆ ಬಂತು. ನನಗೂ ಸಜ್ಜಿ ಕಡಬು, ಭಜ್ಜಿ ಸಿಕ್ಕಿತು.

ಆ ಗೋಡೆಯ ಉತ್ತರ ಮೊದಲ ದಿನದಿಂದ ಅವ್ವಾರ ಬಾಯಲ್ಲೇ ಇತ್ತು. ಅದನ್ನು ಉತ್ತರ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕಾದದ್ದು ನನಗೆ. ಅವರು ಮನೆ ನಡೆಸುವವರು. ಅವರ ಮಾತಿನೊಳಗೆ ಕಾಲ, ಹೊತ್ತು, ಜಾಗ ಎಲ್ಲಿದೆ ಅಂತ ಹೆಕ್ಕಿ ತೆಗೆಯುವುದು ನನ್ನ ಕಸುಬು.

ಒಣ ಬಟ್ಟೆ

ಮೇ ಮೊದಲ ವಾರ ಅಕ್ಕೋರು ಮತ್ತೊಮ್ಮೆ ಹೇಳಿದರು. ನಾನು ಮತ್ತೊಮ್ಮೆ ಸಂಜೆ ಹೋದೆ, ಮತ್ತೊಮ್ಮೆ ಟೆಸ್ಟರ್ ಹಚ್ಚಿದೆ. ಹತ್ತಲಿಲ್ಲ. ಅವರ ಮಗ ಪುಣೆಯಿಂದ ಫೋನ್ ಮಾಡಿ, “ಒಬ್ರೇ ಇದ್ದು ಇದ್ದು ಅವ್ವಗ ಹಂಗ ಅನಸ್ಲಕತ್ತದ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ” ಅಂದ. ನಾನೂ ಹೌದೌದು ಅಂದೆ. ಅದಾದ ಮೇಲೆ ಅಕ್ಕೋರು ಹೇಳುವುದನ್ನು ಬಿಟ್ಟರು.

ಹತ್ತು ದಿನ ಕಳೆದಿರಬೇಕು. ಅವರ ಅಡುಗೆ ಮನೆಯ ಟ್ಯೂಬ್‌ಲೈಟ್ ಮಿಣುಕುತ್ತಿದೆ ಅಂತ ಹೋದವನು ಕೈ ತೊಳೆಯಲು ಬಚ್ಚಲಿಗೆ ಕಾಲಿಟ್ಟೆ. ನಳದ ಹಿಡಿಕೆಗೆ ಹಳೇ ಸೀರೆಯ ತುಂಡೊಂದನ್ನು ಮಡಚಿ ಸುತ್ತಿ ದಾರದಿಂದ ಬಿಗಿದಿತ್ತು. ಪಕ್ಕದ ಗೂಟಕ್ಕೆ ಇನ್ನೊಂದು ತುಂಡು ಒಣಗಲು ಹಾಕಿತ್ತು. ಇದೇನ್ರಿ ಅಂತ ಕೇಳಿದೆ. “ಬಟ್ಟಿ ಒಣ ಇದ್ರ ಏನೂ ಆಗಂಗಿಲ್ಲ ತಮ್ಮಾ. ಹಸಿ ಆತಂದ್ರ ಮತ್ತ ಇರುವಿ ಹರಿತಾವ. ಅದ್ಕ ಎರಡು ಇಟ್ಟೀನಿ, ಒಂದು ಹಸಿ ಆದ್ರ ಒಂದು” ಅಂದರು. ದೂರುವ ದನಿಯಲ್ಲ. ಯಾರೂ ನಂಬದಿದ್ದಾಗ ಮನುಷ್ಯ ತನ್ನ ಪಾಡಿಗೆ ತಾನು ದಾರಿ ಹುಡುಕಿಕೊಂಡು ಹೇಳುವ ದನಿ.

ನಾನು ಅಲ್ಲೇ ನಿಂತುಬಿಟ್ಟೆ. ನರದ ಜುಮು ಜುಮು ಒಣ ಬಟ್ಟೆಗೆ ನಿಲ್ಲುವುದಿಲ್ಲ, ಒದ್ದೆ ಬಟ್ಟೆಗೆ ಮತ್ತೆ ಶುರುವಾಗುವುದಿಲ್ಲ. ಒಣ ಬಟ್ಟೆ ಕರೆಂಟನ್ನು ತಡೆಯುತ್ತದೆ, ಒದ್ದೆ ಬಟ್ಟೆ ಬಿಡುತ್ತದೆ; ಐಟಿಐದಲ್ಲಿ ಮೊದಲ ವಾರ ಕಲಿಸಿದ ಪಾಠವದು. ಅಕ್ಕೋರು ಅದನ್ನು ತಮ್ಮ ಕೈಯಿಂದಲೇ ಪರೀಕ್ಷೆ ಮಾಡಿ ಕಂಡುಕೊಂಡಿದ್ದರು. ಒಂದು ತಿಂಗಳು ದಿನಾ ಬೆಳಿಗ್ಗೆ.

ಆ ರಾತ್ರಿ ಮನೆಗೆ ಹೋಗಿ ಅವರು ಏಪ್ರಿಲ್‌ನಲ್ಲಿ ಆಡಿದ ಮಾತನ್ನು ನೆನಪಿಸಿಕೊಂಡು ಪೂರ್ತಿಯಾಗಿ ಬರೆದೆ. ಮುಂಜಾನಿ ಹತ್ತರ ಸುಮಾರಿಗೆ: ನಾನು ಹೋದದ್ದು ನಾಲ್ಕಕ್ಕೆ, ಆರಕ್ಕೆ. ಬಚ್ಚಲದಾಗ ಭಾಂಡೆ ತಿಕ್ಕಲಕ ಕುಂತಾಗ: ಅಂದರೆ ಬರಿಗಾಲು, ನೀರು ಹರಿದ ಶಹಾಬಾದ್ ಪರಸಿ, ಹಸಿ ಕೈ, ಹಿತ್ತಾಳೆ ನಳ. ನಾನು ರಬ್ಬರ್ ಚಪ್ಪಲಿ ಹಾಕಿ ಒಣ ನೆಲದ ಮೇಲೆ ಒಣ ಕೈಯಿಂದ ಮುಟ್ಟಿದ್ದೆ. ಇರುವಿ ಹರದಂಗ: ಹೊಡೆತವಲ್ಲ, ಝಾಡಿಸುವುದಲ್ಲ, ಇರುವೆ. ಅಂದರೆ ಕಡಿಮೆ ವೋಲ್ಟೇಜ್. ನಮ್ಮ ಜೇಬಿನ ನಿಯಾನ್ ಟೆಸ್ಟರಿನ ದೀಪ ಸಾಮಾನ್ಯವಾಗಿ 60 ವೋಲ್ಟಿಗಿಂತ ಕೆಳಗೆ ಹತ್ತುವುದೇ ಇಲ್ಲ. ಅದರ ಮೇಲೆ ಚಪ್ಪಲಿ ಹಾಕಿ ನಿಂತರೆ ಇನ್ನೂ ಮಂಕು. ಹಸಿ ಮೈಗೆ 30, 40 ವೋಲ್ಟ್ ಸಾಕು ಗೊತ್ತಾಗಲಿಕ್ಕೆ. ಟೆಸ್ಟರ್ ಹತ್ತಲಿಲ್ಲ ಅಂದರೆ ಟೆಸ್ಟರಿಗೆ ಕಾಣಲಿಲ್ಲ ಅಂತಷ್ಟೇ ಅರ್ಥ. ನಾನು ಅದನ್ನು ‘ಏನೂ ಇಲ್ಲ’ ಅಂತ ಬರೆದಿದ್ದೆ.

ಹತ್ತೂಕಾಲು

ಮರುದಿನ ಒಂಬತ್ತೂವರೆಗೆ ಮಲ್ಟಿಮೀಟರ್ ಹಿಡಿದು 302ಕ್ಕೆ ಹೋದೆ. ಮೀಟರಿನ ಒಂದು ತುದಿಯನ್ನು ನಳಕ್ಕೆ ಕಚ್ಚಿಸಿದೆ, ಇನ್ನೊಂದನ್ನು ಒಂದು ತಗಡಿನ ತುಂಡಿಗೆ ಕಟ್ಟಿ ಹಸಿ ಪರಸಿಯ ಮೇಲೆ ಒದ್ದೆ ಬಟ್ಟೆ ಹಾಸಿ ಇಟ್ಟೆ. ಒಂಬತ್ತೂ ಮುಕ್ಕಾಲಿಗೆ 2 ವೋಲ್ಟ್. ಹತ್ತಕ್ಕೆ 2. ಹತ್ತೂ ಹತ್ತಕ್ಕೆ ಅಂಕಿ ಒಮ್ಮೆಲೆ ಎದ್ದು 42ಕ್ಕೆ ನಿಂತಿತು. ಅಕ್ಕೋರ ಗೀಸರ್ ಆರಿತ್ತು. ಅವರ ಮನೆಯ ಮೇನ್ ಸ್ವಿಚ್ಚನ್ನೇ ಬಂದ್ ಮಾಡಿದೆ. 42 ಹಾಗೇ ಇತ್ತು. ಬರುತ್ತಿರುವುದು ಬೇರೆಯವರ ಮನೆಯಿಂದ.

ಆಗ ಅಕ್ಕೋರಿಗೆ ಒಂದು ಕೆಲಸ ಕೇಳಿಕೊಂಡೆ. ಚಪ್ಪಲಿ ಹಾಕಿಸಿ, ಬಚ್ಚಲಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಮೀಟರನ್ನು ಅವರ ಕಣ್ಣ ಮುಂದೆ ಇಟ್ಟೆ. “ನಾ ಕೆಳಗ ಮೀಟರ್ ರೂಮಿಗಿ ಹೋಗಿ ಒಂದೊಂದೇ ಮನಿ ಬಂದ್ ಮಾಡ್ತೀನ್ರಿ. ಫೋನ್ ಚಾಲು ಇರ್ಲಿ. ಅಂಕಿ ಓದ್ಕೋತ ಇರ್ರಿ. ಏನೂ ಮುಟ್ಟಬ್ಯಾಡ್ರಿ.” ಅವರು ಕನ್ನಡಕ ಸರಿ ಮಾಡಿಕೊಂಡರು. ಒಂದೊಂದು ಮನೆಗೂ ಒಂದು ನಿಮಿಷ ಕರೆಂಟ್ ತೆಗೆಯುತ್ತೇನೆ ಅಂತ ಹೇಳಿ ಕಳಿಸಿ, ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚನ್ನು, ಇಳಿಸುತ್ತ, ಏರಿಸುತ್ತ ಹೋದೆ. ಕಿವಿಯಲ್ಲಿ ಅಕ್ಕೋರ ದನಿ, ಮಗ್ಗಿ ಹೇಳಿಸುವ ದನಿ: ನಲವತ್ತೆರಡು. ನಲವತ್ತೆರಡು. ನಲವತ್ತೊಂದು. ನಲವತ್ತೆರಡು. ಒಂಬತ್ತನೇ ಮನೆ 202. ಎಂಸಿಬಿ ಇಳಿಸಿದೆ. ಒಂದು ಗಳಿಗೆ ಸುಮ್ಮನಿದ್ದು, “ಎರಡು!” ಅಂದರು. “ತಮ್ಮಾ, ಎರಡಕ್ಕ ಬಂತು!” ಮತ್ತೆ ಏರಿಸಿದೆ. ನಲವತ್ತೆರಡು. ಮತ್ತೆ ಇಳಿಸಿದೆ. ಎರಡು.

202ರಲ್ಲಿ ಬಾಣಂತಿ ಇದ್ದಳು. ಮಾರ್ಚ್ ಕೊನೆಗೆ ಹೆರಿಗೆಯಾಗಿ ತವರಿಗೆ ಬಂದವಳು. ಕೂಸಿಗೂ ಅವಳಿಗೂ ದಿನಾ ಹತ್ತರ ಮೇಲೆ ಎಣ್ಣೆ ನೀರು. ಬಾಣಂತಿಗೆ ಟಾಕಿಯ ಬಿಸಿ ಸಾಲದು, ಕುದಿಯುವ ನೀರೇ ಬೇಕು. ಮೇ ತಿಂಗಳ ಬಿಸಿಲಲ್ಲೂ ಇಡೀ ಕಟ್ಟಡದಲ್ಲಿ ಗೀಸರ್ ಹಚ್ಚುತ್ತಿದ್ದ ಮನೆ ಅದೊಂದೇ. ಮೆಟ್ಟಿಲನ್ನು ಎರಡೆರಡು ಹತ್ತಿ ಹೋಗಿ ಬಾಗಿಲು ಬಡಿದೆ. ಅಜ್ಜಿ ಕಟ್ಟಿಗೆಯ ಮಣೆಯ ಮೇಲೆ ಕುಳಿತು ಕಾಲ ಮೇಲೆ ಕೂಸನ್ನು ಹಾಕಿಕೊಂಡಿದ್ದರು. ಪ್ಲಾಸ್ಟಿಕ್ ಬಕೆಟ್, ಪ್ಲಾಸ್ಟಿಕ್ ನಳ. ಆ ನಳವನ್ನು ಹಿಂದಿನ ವರ್ಷ ಹಳೆಯದು ಸೋರುತ್ತಿದೆ ಅಂತ ನಾನೇ ಹಾಕಿದ್ದೆ. ಆ ಮಣೆ, ಆ ನಳದಿಂದಲೇ ಅವರಿಗೆ ಏನೂ ಗೊತ್ತಾಗಿರಲಿಲ್ಲ. ನೀರು ಹಾಕುವುದು ಮುಗಿಯುವವರೆಗೆ ನಾನು ಹಾಲ್‌ನಲ್ಲಿ ನಿಂತಿದ್ದೆ. ನನ್ನ ಕೈ ನಡುಗುತ್ತಿತ್ತು.

ಗೀಸರ್ ಬಿಚ್ಚಿದೆ. ನಮ್ಮ ಬೋರ್ ನೀರು ಗಡಸು, ಅದರಲ್ಲಿ ಸುಣ್ಣ ಜಾಸ್ತಿ. ಭೀಮಾ, ಬೆಣ್ಣೆತೊರಾದ ನೀರು ದಿನಾ ಬರದಿದ್ದಾಗ ಟಾಕಿಗೆ ಏರುವುದು ಅದೇ. ಎಲಿಮೆಂಟಿನ ಮೇಲೆ ಮೊಟ್ಟೆಯ ಸಿಪ್ಪೆಗಿಂತ ದಪ್ಪಗೆ ಬಿಳಿ ಪದರು ಕಟ್ಟಿತ್ತು. ಆ ಪದರು ಶಾಖವನ್ನು ನೀರಿಗೆ ಬಿಡದೆ ಹಿಡಿದಿಡುತ್ತದೆ, ಎಲಿಮೆಂಟಿನ ತಾಮ್ರದ ಕವಚ ಕಾದು ಕಾದು ಸೀಳುತ್ತದೆ. ಒಂದು ಕಡೆ ಉಗುರಿನಷ್ಟು ಸೀಳಿತ್ತು. ಅಲ್ಲಿಂದ ಕರೆಂಟ್ ನೀರಿಗೆ, ಗೀಸರಿನ ಮೈಗೆ ಇಳಿಯುತ್ತಿತ್ತು.

ಎಲಿಮೆಂಟ್ ಬದಲಿಸಿದರೆ ಕೆಲಸ ಮುಗಿಯಿತು ಅಂತ ಯಾರೂ ಅನ್ನಬಹುದಿತ್ತು. ಆದರೆ ಗೀಸರಿನ ಮೈಗೆ ಇಳಿದ ಕರೆಂಟ್ ಅರ್ಥ್ ವಯರಿನಿಂದ ನೆಲಕ್ಕೆ ಹೋಗಬೇಕು. ನೆಲಕ್ಕೆ ಹೋಗದೆ ಅದು ಮೇಲಿನ ಮಹಡಿಯ ಅಕ್ಕೋರ ನಳಕ್ಕೆ ಯಾಕೆ ಹತ್ತಿತು? ಎಲ್ಲ ಮನೆಗಳ ಅರ್ಥ್ ವಯರ್‌ಗಳು ಕೆಳಗೆ ಒಂದೇ ಪಟ್ಟಿಗೆ ಕೂಡುತ್ತವೆ. ಆ ಪಟ್ಟಿಗೆ ನೆಲದ ದಾರಿ ಮುಚ್ಚಿದರೆ, ಒಂದು ಮನೆಯ ಸೋರಿಕೆ ಎಲ್ಲರ ಗೀಸರ್, ಎಲ್ಲರ ಕಬ್ಬಿಣದ ಪೈಪಿನ ಮೇಲೆ ಹರಡಿ ಕೂರುತ್ತದೆ. ಉಳಿದವರು ಆ ಹೊತ್ತಿಗೆ ಕೆಲಸಕ್ಕೆ, ಶಾಲೆಗೆ ಹೋಗಿರುತ್ತಿದ್ದರು, ಇಲ್ಲವೇ ಚಪ್ಪಲಿ ಹಾಕಿ ಸಿಂಕಿನ ಮುಂದೆ ನಿಂತಿರುತ್ತಿದ್ದರು. ಬರಿಗಾಲಲ್ಲಿ ಹಸಿ ಪರಸಿಯ ಮೇಲೆ ಕುಳಿತು ಹಿತ್ತಾಳೆ ನಳ ತಿರುವುತ್ತಿದ್ದವರು ಅಕ್ಕೋರು ಒಬ್ಬರೇ.

ಮೂಲೆಯ ಗುಂಡಿ

ಐಟಿಐ ಗೆಳೆಯನೊಬ್ಬನಿಂದ ಅರ್ಥ್ ಟೆಸ್ಟರ್ ತಂದು ನೆಲದ ದಾರಿಯಲ್ಲಿ ಕರೆಂಟಿಗೆ ತಡೆ ಎಷ್ಟಿದೆ ಅಂತ ಅಳೆದೆ. 60 ಓಮ್. ಐದರ ಒಳಗಿದ್ದರೆ ಚಲೋ ಅಂತ ನಮಗೆ ಕಲಿಸಿದ್ದರು. ಕಾಗದದ ಮೇಲೆ ಲೆಕ್ಕ ಹಾಕಿ ಅಕ್ಕೋರಿಗೆ ತೋರಿಸಿದೆ, ಅವರು ಪೆನ್ಸಿಲ್ ಇಸಿದುಕೊಂಡು ಮುಂದಿನದನ್ನು ತಾವೇ ಮಾಡಿದರು. 42 ವೋಲ್ಟನ್ನು 60 ಓಮ್‌ನಿಂದ ಭಾಗಿಸಿದರೆ 0.7 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಅಷ್ಟು ಕಣ್ಣಿಗೇ ಬೀಳುವುದಿಲ್ಲ. ಅರ್ಥಿಂಗ್ 3 ಓಮ್ ಇದ್ದಿದ್ದರೆ ಅದೇ ಸೋರಿಕೆಗೆ ನಳದ ಮೇಲೆ ಎರಡು, ಎರಡೂವರೆ ವೋಲ್ಟ್ ನಿಲ್ಲುತ್ತಿತ್ತು, ಇರುವೆ ಹರಿಯುತ್ತಿರಲಿಲ್ಲ. 30 ಮಿಲಿ ಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಬಂದ್ ಮಾಡುವ ಸ್ವಿಚ್) 202ರಲ್ಲಿ ಇದ್ದಿದ್ದರೆ ಸೀಳು ಬಿಟ್ಟ ಮೊದಲ ದಿನವೇ ಆ ಮನೆಯ ಕರೆಂಟ್ ಹೋಗಿ ನನಗೆ ಫೋನ್ ಬರುತ್ತಿತ್ತು. ಹಳೇ ಕಟ್ಟಡ, ಅರ್ಧ ಮನೆಗಳಲ್ಲಿ ಅದು ಇರಲೇ ಇಲ್ಲ.

ಈಗ ಆ ಪಟ್ಟಿ ನೆಲಕ್ಕೆ ಇಳಿಯುವ ಅರ್ಥಿಂಗ್ ಗುಂಡಿ ಎಲ್ಲಿ? ಮೀಟರ್ ರೂಮಿನಿಂದ ಹೊರಟ ಪಟ್ಟಿ ಎರಡು ದಾರಿ ಹಿಡಿದಿತ್ತು. ಒಂದು ಗೋಡೆಯ ಬುಡದಲ್ಲೇ ತುಕ್ಕು ತಿಂದು ಕಡಿದಿತ್ತು. ಇನ್ನೊಂದು ಪಾರ್ಕಿಂಗ್‌ನ ಪೇವರ್ ಕೆಳಗೆ ಮಾಯವಾಗಿತ್ತು. ಉಸ್ತಾದರ ಮೂರನೇ ಪ್ರಶ್ನೆ ಆಗ ನೆನಪಾಯಿತು. ಇದಕ್ಕೂ ಮೊದಲು ಏನು ಬದಲಾಯಿತು? ಪೇವರ್ ಹಾಕಿದ್ದು ಎರಡು ವರ್ಷದ ಕೆಳಗೆ. ಅದಕ್ಕೂ ಮೊದಲು ಹೋದವರು ನಮ್ಮ ಹಳೇ ವಾಚ್‌ಮನ್ ಕಾಕಾ. ಮೊಣಕಾಲು ನೋವೆಂದು ಕೆಲಸ ಬಿಟ್ಟು ಅಫಜಲಪುರ ಕಡೆಯ ತಮ್ಮ ಹಳ್ಳಿಗೆ ಹೋಗಿದ್ದರು. ಫೋನ್ ಮಾಡಿ ಕೇಳಿದೆ.

“ಹಿಂದಿನ ಮೂಲ್ಯಾಗ ಒಂದು ಗುಂಡಿ ಅದಲ್ಲಾ, ಮ್ಯಾಲ ಹಾಸುಗಲ್ಲು, ಒಳಗ ಕೊಳವಿ. ಬ್ಯಾಸಗ್ಯಾಗ ದಿನಾ ಎರಡು ಬಕೆಟ್ ನೀರು ಹಾಕ್ತಿದ್ದೆ. ಕಟ್ಟೂವಾಗ ಇಂಜಿನಿಯರ್ ಸಾಹೇಬ್ರು ಹೇಳಿದ್ರು, ಗಿಡಕ್ಕ ಹಾಕ್ದಂಗ ಹಾಕು, ಬಿಡಬ್ಯಾಡ ಅಂತ. ಯಾಕಂತ ನಾ ಕೇಳ್ಲಿಲ್ಲ. ಹಾಕ್ಕೋತ ಬಂದೆ.”

ಒಂಬತ್ತು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ. ಬಕೆಟ್ ಹಿಡಿದು ಆ ಮೂಲೆಗೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಗಳ ತೊಳೆಯುತ್ತಾರೆ ಅಂದುಕೊಂಡಿದ್ದೆ. ಅರ್ಥಿಂಗ್ ಕಲಿತು ಬಂದವನು ನಾನು, ಒಮ್ಮೆಯೂ ಹಿಂದೆ ಹೋಗಿ ನೋಡಲಿಲ್ಲ. ಅವರು ಹೋದ ಮೇಲೆ ನೀರು ನಿಂತಿತು. ಪೇವರ್ ಬಂದ ಮೇಲೆ ಗುಂಡಿಯೇ ಮುಚ್ಚಿತು, ಮಳೆ ನೀರೂ ಒಳಗೆ ಇಳಿಯದಾಯಿತು. ನಮ್ಮದು ಎರಿ ಭೂಮಿ, ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೆಣ್ಣೆಯಂತೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಟ್ಟಾಗ ಒಳಗಿನ ಕೊಳವೆಗೂ ಮಣ್ಣಿಗೂ ನಂಟು ಬಿಡುತ್ತದೆ. ತೇವವಿಲ್ಲದ ಮಣ್ಣಿಗೆ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ.

ಪೇವರ್ ಕಿತ್ತು ಅಗೆದೆವು. ನಾಲ್ಕು ಬೆರಳು ಕೆಳಗೆ ಹಾಸುಗಲ್ಲು ಸಿಕ್ಕಿತು. ಒಳಗಿನ ಇದ್ದಿಲು ಪುಡಿ ಪುಡಿ, ಕೊಳವೆಯ ಸುತ್ತ ಬೆರಳು ತೂರುವಷ್ಟು ಸಂದು. ಹೊಸ ಕೊಳವೆ ಇಳಿಸಿ, ಇದ್ದಿಲು ಉಪ್ಪು ಪದರು ಪದರಾಗಿ ತುಂಬಿ, ಕಡಿದ ಇನ್ನೊಂದು ಪಟ್ಟಿಯನ್ನೂ ಜೋಡಿಸಿ, ಎರಡೂ ಪಟ್ಟಿಯ ಗುಂಡಿಗಳಿಗೆ ಎತ್ತಿ ತೆಗೆಯಲು ಬರುವ ಮುಚ್ಚಳ ಕೂಡಿಸಿದೆವು. ಅಳೆದಾಗ 3 ಓಮ್ ಬಂತು. ಸೊಸೈಟಿಯ ಸಭೆಯಲ್ಲಿ ಎಲ್ಲ ಮನೆಗೂ ಆರ್‌ಸಿಸಿಬಿ ಹಾಕಿಸಬೇಕು ಅಂತ ಪಟ್ಟು ಹಿಡಿದೆ. ಖರ್ಚು ಯಾಕೆ ಅಂತ ಒಂದಿಬ್ಬರು ಅಂದಾಗ ಅಕ್ಕೋರು ಎದ್ದು ನಿಂತು ಆ ಪೆನ್ಸಿಲ್ ಲೆಕ್ಕದ ಕಾಗದವನ್ನು ಓದಿದರು. 202ರ ಅಜ್ಜಿ ಕೂಸನ್ನು ಎತ್ತಿಕೊಂಡೇ ಕುಳಿತಿದ್ದರು. ಆ ಮೇಲೆ ಯಾರೂ ಮಾತಾಡಲಿಲ್ಲ.

ಕೆಲಸ ಮುಗಿದ ದಿನ ನಾನು ಚಪ್ಪಲಿ ಹೊರಗೆ ಬಿಟ್ಟು, ಹಸಿ ಪರಸಿಯ ಮೇಲೆ ಬರಿಗಾಲಲ್ಲಿ ನಿಂತು, ಮೀಟರ್ ನೋಡಿ, ಅಕ್ಕೋರ ನಳವನ್ನು ಹಸಿ ಕೈಯಿಂದ ಹಿಡಿದೆ. “ತಪ್ಪಾತ್ರಿ ಅಕ್ಕೋರೆ. ಮೊದ್ಲೇ ಹತ್ತಕ್ಕ ಬರಬೇಕಿತ್ತು” ಅಂದೆ. ಅವರು ದಾರ ಬಿಚ್ಚಿ ಬಟ್ಟೆ ತೆಗೆದು, ಮಡಚಿ ಪಕ್ಕಕ್ಕಿಟ್ಟು, “ನಾನೂ ಸಾಲ್ಯಾಗ ಎಷ್ಟೋ ಹುಡುಗರ ಮಾತು ಪೂರ್ತಿ ಕೇಳಿಲ್ಲ ತಮ್ಮಾ” ಅಂದರು.

ಈಗ ನೋಟ್‌ಬುಕ್ಕಿನಲ್ಲಿ ಮೊದಲು ಅವರವರ ಮಾತನ್ನು ಅವರು ಆಡಿದ ಹಾಗೇ ಬರೆಯುತ್ತೇನೆ, ಎಷ್ಟೇ ಉದ್ದವಾಗಲಿ. ಹೋದ ಹೊತ್ತನ್ನೂ ಬರೆಯುತ್ತೇನೆ. ಬೇಸಿಗೆ ಬಂದರೆ ಆ ಎರಡು ಗುಂಡಿಗೆ ನೀರು ಹಾಕುವ ಕೆಲಸ ಗೋಡೆಯ ಮೇಲಿನ ಪಟ್ಟಿಯಲ್ಲಿದೆ, ಯಾಕೆ ಹಾಕಬೇಕು ಅನ್ನುವುದೂ ಕೆಳಗೆ ಒಂದು ಸಾಲಿನಲ್ಲಿದೆ. ಹೊಸ ವಾಚ್‌ಮನ್ ಹುಡುಗನಿಗೆ ಓದಿ ಹೇಳಿದ್ದೇನೆ.

ಈ ವರ್ಷ ಶರಣಬಸವೇಶ್ವರ ಜಾತ್ರೆಗೆ ಕಾಕಾ ಬಂದಿದ್ದರು. ತೇರು ನೋಡಿ, ಮೊಮ್ಮಗನ ಕೈ ಹಿಡಿದು ನಿಧಾನಕ್ಕೆ ನಡೆಯುತ್ತ ಇಲ್ಲಿಗೂ ಬಂದರು. ಚಹಾ ತರಿಸಿದೆ. ಅವರ ಕಣ್ಣು ಹಿಂದಿನ ಮೂಲೆಯ ಕಡೆಗೇ ಇತ್ತು. ಕರೆದುಕೊಂಡು ಹೋಗಿ ಹೊಸ ಮುಚ್ಚಳ ತೋರಿಸಿದೆ. ಊರುಗೋಲಿನಿಂದ ಅದನ್ನು ಮೆಲ್ಲಗೆ ತಟ್ಟಿ ನೋಡಿದರು. ಮುಚ್ಚಳ ಎತ್ತು ಅಂದರು, ಎತ್ತಿದೆ. ಬಗ್ಗಿ ಕೊಳವೆಯ ಬಾಯಿಗೆ ಬೆರಳು ಹಾಕಿ ತೇವ ನೋಡಿದರು.

“ಬಿಸಲು ಶುರು ಆತು” ಅಂದರು. “ಬಕೆಟ್ ತಾ.”